ನಾಲ್ಕು ಬೆರಳಿನ ಸಂದಿಗೆ ಶಾಖ

೧೦ ಫೆಬ್ರುವರಿ ೨೦೧೩, ರವಿವಾರ, ಅಮಾವಾಸ್ಯೆ. ಬೆಳಗಿನ ಜಾವ ಚಳಿ. ಏಳರವರೆಗೆ ಕಾಲುವೆಯ ಮೇಲೆ ತೆಳುವಾದ ಮಂಜು, ಎಂಟಕ್ಕೆ ಬಿಸಿಲು, ಹತ್ತರ ಹೊತ್ತಿಗೆ ಶಹಾಪುರದ ಬೆಟ್ಟದ ಕಡೆಯಿಂದ ಒಣಗಾಳಿ. ಆಕಾಶದಲ್ಲಿ ಒಂದೂ ಮೋಡವಿರಲಿಲ್ಲ. ಆದರೂ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಅಡುಗೆಮನೆಯಲ್ಲಿ ಸಣ್ಣದೊಂದು ಸಿಡಿಲು ಬಡಿಯಿತು. ಹವಾಮಾನಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾರಣ ನಾನು.

ಕ್ರಮವಾಗಿ ಬರೆಯುತ್ತೇನೆ. ಕಾಲುವೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ನೀರಿನ ಮಟ್ಟದ ವಹಿ ಬರೆದವನಿಗೆ ಕ್ರಮ ತಪ್ಪಿಸಿ ಬರೆಯುವುದು ಸಾಧ್ಯವಿಲ್ಲ. ಯಾವ ಗೇಟಿನಲ್ಲಿ ಎಷ್ಟು ಅಡಿ, ಎಷ್ಟು ಗಂಟೆಗೆ ಏರಿತು, ಎಷ್ಟು ಗಂಟೆಗೆ ಇಳಿಯಿತು ಎಂಬುದನ್ನು ಹಗಲು ಬರೆಯುತ್ತೇನೆ; ಮನೆಯಲ್ಲಿ ಏನು ಏರಿತು, ಏನು ಇಳಿಯಿತು ಎಂಬುದನ್ನು ಸಂಜೆ ಬರೆಯುತ್ತೇನೆ. ಇಂದು ಇಳಿದದ್ದು ನನ್ನ ಮಾನ.

ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅದು ಪೂರ್ಣ ಮಟ್ಟದಲ್ಲಿತ್ತು. ಆಗ ನಾನು ಹೆಂಡತಿ ಅನ್ನಮ್ಮನ ಎದುರಿಗೆ, ಪಕ್ಕದ ಮನೆಯ ಮದೀನಾಬೀಯವರ ಸಾಕ್ಷಿಯಲ್ಲಿ, ಹೀಗೆಂದು ಘೋಷಿಸಿದೆ:

"ಈ ಗಿರಣಿ ನಾನೇ ರಿಪೇರಿ ಮಾಡ್ತೀನಿ. ಸುಮ್ನ ಮಾಡೂದಲ್ಲ. ಇನ್ನ ಇಪ್ಪತ್ತ ವರ್ಷ ಯಾವ ಮಿಸ್ತ್ರಿನೂ ಇದಕ್ಕ ಕೈ ಹಚ್ಚಬಾರದು, ಹಂಗ ಮಾಡ್ತೀನಿ!"

ಅನ್ನಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಇಪ್ಪತ್ತ ವರ್ಷ ಬ್ಯಾಡ್ರಿ. ಇವತ್ತ ಹನ್ನೆರಡಕ್ಕ ಚಾಲೂ ಆದ್ರ ಸಾಕು."

ಈ ಹನ್ನೆರಡರ ಗಡುವಿಗೆ ಕಾರಣವಿತ್ತು. ಅನ್ನಮ್ಮ ಮೂರು ವರ್ಷದಿಂದ ಮನೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹತ್ತು ರೊಟ್ಟಿಯ ಒಂದು ಪಾಕೀಟಿನಂತೆ ಓಣಿಯ ಅಂಗಡಿಗಳಿಗೆ ಕೊಟ್ಟು, ಕೂಡಿಟ್ಟ ಹಣದಲ್ಲಿ ಹೋದ ವರ್ಷ ಒಂದು ಮನೆಗಿರಣಿ ಕೊಂಡಳು. ಸಣ್ಣ ಕಪಾಟಿನಂತಹ ಯಂತ್ರ. ಮೇಲಿನ ಬಾಯಿಗೆ ಜೋಳ ಸುರಿದರೆ ಕೆಳಗಿನ ಡಬ್ಬಿಗೆ ಹಿಟ್ಟು ಬೀಳುತ್ತದೆ. ಈಗ ಯಾದಗಿರಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಿಂದ ಅವಳಿಗೆ ಮೊದಲ ದೊಡ್ಡ ಆರ್ಡರು ಬಂದಿತ್ತು. ಅದಕ್ಕಾಗಿ ಮೂರು ಸಲ ಬಸ್ಸು ಹತ್ತಿ ಹೋಗಿ, ವಾರ್ಡನ್ ರತ್ನಾಬಾಯಿಯವರ ಬಾಗಿಲಲ್ಲಿ ನಿಂತು ಬಂದಿದ್ದಳು. ಕೊನೆಗೆ ರತ್ನಾಬಾಯಿ ಹೇಳಿದ ಮಾತು ಇಷ್ಟು: "ಸೋಮವಾರ ಮುಂಜಾನಿ ಎಂಟಕ್ಕ ಮುನ್ನೂರು ರೊಟ್ಟಿ. ಚೊಲೋ ಇದ್ರ ವಾರಾ ವಾರಾ ಮುನ್ನೂರು. ತಡ ಆದ್ರ ಮತ್ತ ಈ ಕಡಿ ಬರಬ್ಯಾಡ್ರಿ."

ಮುನ್ನೂರು ರೊಟ್ಟಿಗೆ ಹದಿನೈದು ಕಿಲೋ ಹಿಟ್ಟು. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ತಟ್ಟುವಾಗ ಅಂಚು ಸೀಳುತ್ತದೆ. ಆದ್ದರಿಂದ ಬೀಸುವುದು, ತಟ್ಟುವುದು ಬೆನ್ನುಬೆನ್ನಿಗೆ ಆಗಬೇಕು. ಶನಿವಾರ ಸಂಜೆಯೇ ಬೀಸಿಟ್ಟುಕೊಂಡು ಬೆಳಿಗ್ಗೆ ತಟ್ಟಬೇಕೆಂದು ಅವಳ ಲೆಕ್ಕ. ಶನಿವಾರ ಸಂಜೆ ಆರಕ್ಕೆ ಗುಂಡಿ ಒತ್ತಿದಳು. ಗಿರಣಿ ಗುಂಯ್ ಎಂದಿತು, ಮುಷ್ಟಿಯಷ್ಟು ಹಿಟ್ಟು ಕೊಟ್ಟಿತು, ನಿಂತಿತು. ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದಾಗ, ಮೋಟರಿಗೆ ಹೋಗುವ ಎರಡು ವೈರುಗಳಲ್ಲಿ ಒಂದನ್ನು ಇಲಿ ಕಡಿದಿತ್ತು; ಉಳಿದಿದ್ದ ಒಂದೆರಡು ಎಳೆಯೂ ಈಗ ಹರಿದಿತ್ತು.

ಊರಿನ ಗಿರಣಿಗೆ ಹೋಗಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಅಮಾವಾಸ್ಯೆಗೆ ನಮ್ಮಲ್ಲಿ ಗಿರಣಿ ತಿರುಗುವುದಿಲ್ಲ. ಕಲ್ಲಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಯಂತ್ರಕ್ಕೆ ರಜೆ ಕೊಟ್ಟು ಮಾಲೀಕರು ಮನೆಗೆ ಹೋಗುತ್ತಾರೆ. ಗ್ಯಾರೇಜು ಬಂದ್, ಮಿಸ್ತ್ರಿ ಬಂದ್. ನಮ್ಮ ಗಿರಣಿಗೂ ಅನ್ನಮ್ಮ ಬೆಳಿಗ್ಗೆಯೇ ಕುಂಕುಮ ಹಚ್ಚಿ ಕೈ ಮುಗಿದು, "ನಿನಗ ಅಮಾಸಿ ಅದ ಖರೇ, ಆ ಹುಡುಗ್ಯಾರ ಹೊಟ್ಟಿಗಿಲ್ಲ. ಇದೊಂದು ಸಲ ನಡಿಯವ್ವ" ಎಂದು ಅಪ್ಪಣೆ ಪಡೆದಿದ್ದಳು. ಗಿರಣಿ ಒಪ್ಪಿತೋ ಇಲ್ಲವೋ ತಿಳಿಯಲಿಲ್ಲ.

ಘೋಷಣೆಗೂ ಮೊದಲು, ಇಂದು ಬೆಳಿಗ್ಗೆ ಎಂಟಕ್ಕೆ, ನಾನು ಎಲೆಕ್ಟ್ರಿಕ್ ಮಿಸ್ತ್ರಿ ನಬಿಸಾಬನಿಗೆ ಫೋನು ಹಚ್ಚಿದ್ದೆ.

"ನಾಳಿ ಸಂಜಿಗಿ ಬರ್ತೀನ್ರಿ ಸಾಹೇಬ್ರ," ಎಂದ. "ಅಮಾಸಿ ದಿನ ನಾ ಪಾನಾ, ಇಕ್ಕಳ ಹಿಡಿಯಂಗಿಲ್ಲ."

"ನೀವು ಯಾವಾಗಿಂದ ಅಮಾಸಿ ಮಾಡಾಕತ್ತೀರಪಾ?"

"ನಮ್ಮಪ್ಪನ ಕಾಲದಿಂದ್ರಿ. ಕರೆಂಟಿಗಿ ನಿಮ್ಮವರು ನಮ್ಮವರು ಗೊತ್ತಾಗ್ತದೇನ್ರಿ? ಹಿಡದ್ರ ಎಲ್ಲಾರ್ನೂ ಹಿಡೀತದ." ಅನಂತರ ದೊಡ್ಡ ಮನಸ್ಸು ಮಾಡಿ ಸೇರಿಸಿದ: "ವೈರು ಜೋಡಸಿ ಟೇಪ್ ಸುತ್ತಿಬಿಡ್ರಿ. ಐದ ನಿಮಿಷದ ಕೆಲಸ. ಮೊದಲ ಪ್ಲಗ್ ತಗೀರಿ, ಮರೀಬ್ಯಾಡ್ರಿ."

ಟೇಪ್! ಭೌತಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದವನಿಗೆ ಟೇಪ್ ಸುತ್ತಲು ಹೇಳುವುದು ಸಂಗೀತ ಕಲಿತವನಿಗೆ ಸೀಟಿ ಊದಲು ಹೇಳಿದಂತೆ. ಇರಲಿ, ಸುತ್ತೋಣವೆಂದರೂ ಅಲ್ಲಿ ಎರಡು ಕೈ ಹಿಡಿಯುವಷ್ಟು ಜಾಗವಿರಲಿಲ್ಲ. ಜಾಗ ಇಲ್ಲದಿದ್ದುದಕ್ಕೂ ನಾನೇ ಕಾರಣವೆಂಬುದನ್ನು ಇಲ್ಲಿಯೇ ಒಪ್ಪಿಬಿಡುತ್ತೇನೆ. ಗಿರಣಿ ಮನೆಗೆ ಬಂದಾಗ ಮೂರು ದಿನ ಅಳತೆ ಮಾಡಿ, ಅಡುಗೆ ಕಟ್ಟೆಯ ಕೆಳಗೆ ಅದಕ್ಕೊಂದು ಗೂಡು ಮಾಡಿಸಿದ್ದೆ. ಹಿಟ್ಟು ಚೆಲ್ಲಬಾರದೆಂದು ಮುಂದೆ ಶಾಬಾದಿ ಕಲ್ಲಿನ ತಡೆ ಹಾಕಿಸಿ, ಸಿಮೆಂಟು ಬಳಿಸಿದೆ. ಅಚ್ಚುಕಟ್ಟೆಂದರೆ ಅದು! ಗಿರಣಿ ಒಳಗೆ ಹೋಯಿತು. ಇನ್ನು ಕಲ್ಲು ಒಡೆಯದೆ ಹೊರಗೆ ಬರುವುದಿಲ್ಲ. ಮುಂದಿನ ಬಾಗಿಲು ತೆಗೆದು, ಹಿಟ್ಟಿನ ಡಬ್ಬಿ ಎಳೆದು, ಮೊಣಕೈವರೆಗೆ ಕೈ ತೂರಿಸಿದರೆ ಹಿಂಬದಿಯಲ್ಲಿ ನಾಲ್ಕು ಬೆರಳಿನ ಸಂದಿ. ಆ ಸಂದಿಯಲ್ಲಿ ವೈರು.

ಅಂತಹ ಸಂದಿಗಾಗಿಯೇ ಇರುವ ವಸ್ತುವೊಂದು ನನ್ನ ಮೇಜಿನ ಖಾನೆಯಲ್ಲಿತ್ತು. ಕರಿಯ ಸಣ್ಣ ಕೊಳವೆ. ಕಚೇರಿಗೆ ಯಂತ್ರ ಕೂಡಿಸಲು ಬಂದಿದ್ದ ತಂತ್ರಜ್ಞನೊಬ್ಬ ಉಳಿದ ಮೂರು ತುಂಡುಗಳನ್ನು ನನಗೆ ಕೊಟ್ಟುಹೋಗಿದ್ದ. ಅದಕ್ಕೆ ಶ್ರಿಂಕ್ ಟ್ಯೂಬ್ ಎನ್ನುತ್ತಾರೆ. ಜೋಡಿಸಿದ ವೈರಿನ ಮೇಲೆ ಅದನ್ನು ಸರಿಸಿ ಶಾಖ ಕೊಟ್ಟರೆ, ಕುಗ್ಗಿ ವೈರನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಸುತ್ತುವ ಗೋಜಿಲ್ಲ, ಬಿಚ್ಚುವ ಭಯವಿಲ್ಲ. ಉಳಿಯುವ ಪ್ರಶ್ನೆ ಒಂದೇ: ಶಾಖವನ್ನು ಎಲ್ಲಿಂದ ತರುವುದು?

"ಮೂರೇ ತುಂಡು ಅದಾವೇನ್ರಿ?" ಎಂದಳು ಅನ್ನಮ್ಮ.

"ಒಂದು ಸಾಕು. ಎರಡು ಹೆಚ್ಚಿಗಿ."

ಅವಳು ಗಿರಣಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮರೆತು ಯಾರೂ ಹಾಕದಂತೆ ಅದಕ್ಕೊಂದು ಅರಿವೆ ಕಟ್ಟಿ, ಗಂಟು ಬಿಗಿದಳು. ನಾನು ಹಾಸಿದ ಗೋಣಿಚೀಲದ ಮೇಲೆ ಅಂಗಾತ ಮಲಗಿ ಕೆಲಸಕ್ಕೆ ತೊಡಗಿದೆ.

ಒಂದೇ ಕೈಯಲ್ಲಿ, ಕಣ್ಣಿಗೆ ಅರ್ಧ ಕಾಣುವಂತೆ, ಎರಡು ತುದಿಗಳನ್ನು ಹೆಣೆಯಲು ಐವತ್ತು ನಿಮಿಷ ಹಿಡಿಯಿತು. ಹೆಣಿಗೆ ಎಷ್ಟು ಚೆನ್ನಾಗಿ ಬಂದಿತೆಂದರೆ, ಅನ್ನಮ್ಮನನ್ನು ಕರೆದು ತೋರಿಸಿದೆ.

"ಚೊಲೋ ಆಗ್ಯಾದ," ಎಂದಳು. "ಆ ಕರಿ ಕೊಳವಿ ಕಟ್ಟಿಮ್ಯಾಲೆ ಅದ. ಅದನ್ನ ಈಗ ಒಳಗ ಹ್ಯಾಂಗ ಹಾಕ್ತೀರಿ?"

ಕೊಳವೆಯನ್ನು ವೈರಿಗೆ ಮೊದಲು ಪೋಣಿಸಬೇಕು, ಆಮೇಲೆ ತುದಿಗಳನ್ನು ಹೆಣೆಯಬೇಕು. ಇದು ನನಗೆ ಗೊತ್ತಿತ್ತು. ದಿನಚರಿಯ ಪಕ್ಕದ ಪುಟದಲ್ಲಿ ನಾನೇ ಬರೆದಿಟ್ಟುಕೊಂಡ ಕ್ರಮದಲ್ಲಿ ಅದು ಎರಡನೆಯ ಅಂಶವಾಗಿತ್ತು. ಹೆಣಿಗೆ ಬಿಚ್ಚಿದೆ. ಕೊಳವೆ ಪೋಣಿಸಿದೆ. ಮತ್ತೆ ಹೆಣೆದೆ. ಆಗ ಸಮಯ ಹನ್ನೊಂದೂ ಹದಿನೆಂಟು.

ಮೊದಲ ಶಾಖವಾಗಿ ನಾನು ಆರಿಸಿದ್ದು ಕಡ್ಡಿಪೆಟ್ಟಿಗೆಯನ್ನು. ಸಣ್ಣದು, ಅಗ್ಗದ್ದು, ಸಂದಿಯಲ್ಲಿ ಹಿಡಿಸುವಂಥದ್ದು. ಕಡ್ಡಿ ಗೀರುವ ಮೊದಲು, ಹೆಣಿಗೆಯ ಮೇಲೆ ಹಿಟ್ಟು ಕೂತಿದ್ದು ಕಂಡು, ಶುಚಿತ್ವದ ದೃಷ್ಟಿಯಿಂದ "ಉಫ್" ಎಂದು ಜೋರಾಗಿ ಊದಿದೆ. ವರ್ಷದ ಹಿಟ್ಟಿನ ಧೂಳು ಎದ್ದು ಒಳಗೆಲ್ಲ ಮೋಡ ಕಟ್ಟಿತು. ಹಿಟ್ಟು ಡಬ್ಬಿಯಲ್ಲಿದ್ದರೆ ರೊಟ್ಟಿಯಾಗುತ್ತದೆ, ಗಾಳಿಯಲ್ಲಿ ತೇಲಿದರೆ ಸಿಡಿಮದ್ದಾಗುತ್ತದೆ. ಇದು ಕೂಡ ನಾನು ಓದಿದ ವಿಷಯವೇ. ಕಡ್ಡಿ ಗೀರಿದೆ.

ಭುಗ್!

ಶಬ್ದ ದೊಡ್ಡದೇನಲ್ಲ. ಬೆಳಕು ಮಾತ್ರ ಚೆನ್ನಾಗಿತ್ತು. ಕ್ಷಣಮಾತ್ರ, ಆಮೇಲೆ ಕತ್ತಲು, ಕೂದಲು ಸುಟ್ಟ ವಾಸನೆ. ಅನ್ನಮ್ಮ ಓಡಿಬಂದಳು. ಅವಳ ಬಾಯಿಂದ ಬಂದ ಪ್ರಶ್ನೆಗಳನ್ನು ಬಂದ ಅನುಕ್ರಮದಲ್ಲಿಯೇ ದಾಖಲಿಸುತ್ತೇನೆ.

"ಗಿರಣಿಗಿ ಏನಾತ್ರಿ?"

"ಏನೂ ಆಗಿಲ್ಲ."

"ವೈರಿಗಿ?"

"ಕೊಳವಿ ಅಷ್ಟ ಸುಟ್ಟದ."

"ನಿಮಗ?"

ಮೂರನೆಯ ಸ್ಥಾನ ಸಿಕ್ಕಿದ್ದಕ್ಕೆ ನಾನು ಬೇಸರಿಸಲಿಲ್ಲ. ಎದ್ದು ಕೂತೆ. ಬಾಗಿಲಲ್ಲಿ ಮದೀನಾಬೀ ಎರಡೂ ಕೈ ಕೆನ್ನೆಗೆ ಹಚ್ಚಿ ನಿಂತಿದ್ದರು.

"ಯಾ ಅಲ್ಲಾ! ಅಣ್ಣಾರ ಮೀಸಿ!"

ಕನ್ನಡಿ ನೋಡಿದೆ. ಎಡಗಡೆಯ ಅರ್ಧ ಮೀಸೆ ಇರಲಿಲ್ಲ. ಎಡ ಹುಬ್ಬೂ ಇರಲಿಲ್ಲ. ಬಲಗಡೆ ಎಲ್ಲವೂ ಯಥಾಸ್ಥಿತಿಯಲ್ಲಿತ್ತು. ಮಧ್ಯದಲ್ಲಿ ಗೆರೆ ಎಳೆದರೆ ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ತಮ್ಮನಂತಿದ್ದೆ. ಅಂಗೈಯಲ್ಲಿ ಒಂದು ಬೊಬ್ಬೆ. ಅನ್ನಮ್ಮ ಅದಕ್ಕೆ ತಣ್ಣೀರು ಸುರಿದು, ಮುಲಾಮು ಹಚ್ಚಿದಳು.

"ಸಾಕ್ರಿ, ಬಿಡ್ರಿ," ಎಂದಳು. "ಕಕ್ಕೇರಾದಾಗ ನಮ್ಮ ಅತ್ತಿಗಿ ಮನ್ಯಾಗ ಬೀಸುಕಲ್ಲು ಅದ. ಅಲ್ಲಿಗೇ ಹೋಗ್ತೀನಿ."

"ಹದಿನೈದು ಕಿಲೋ ಬೀಸುಕಲ್ಲಿನಾಗ? ನಾಳಿ ಸಂಜಿ ಆಗ್ತದ."

"ಇಲ್ಲಿ ಆಗೂದು ಯಾವಾಗ್ರಿ?"

ನಾನು ದಿನಚರಿ ತೆರೆದೆ. ಬೆಂಕಿ ಇಲ್ಲಿ ಒಲ್ಲದು ಎಂದು ಮೊದಲ ಸಾಲಿನಲ್ಲಿ ಬರೆದೆ. ಎರಡನೆಯ ಸಾಲನ್ನು ಗಟ್ಟಿಯಾಗಿ ಓದುತ್ತಲೇ ಬರೆದೆ: "ನಮಗೆ ಬೇಕಾದುದು ಉದ್ದನೆಯದೂ ಕಿರಿದೂ ಆದ, ಉರಿಯಿಲ್ಲದೆಯೇ ಸುಡಬಲ್ಲ ಒಂದು ಸಾಧನ."

"ಅಂಥಾದ್ದು ಒಂದು ಅದರಿ," ಎಂದಳು ಅನ್ನಮ್ಮ. "ನಿಮ್ಮಕ್ಕನ ನಾಲಿಗಿ. ಆಕಿ ಸುರಪುರದಾಗ ಇರ್ತಾಳ, ತರಸಾಕ ಯಾಳೇ ಇಲ್ಲ."

ಮದೀನಾಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆದರೆ ಉಪಕಾರವೂ ಅವರಿಂದಲೇ ಆಯಿತು. ಅವರ ಸೊಸೆ ಇಮಾಮಬೀಗೆ ಮದುವೆಯಲ್ಲಿ ಕೂದಲು ಒಣಗಿಸುವ ಯಂತ್ರವೊಂದು ಬಂದಿತ್ತಂತೆ, ಬಿಸಿಗಾಳಿ ಊದುತ್ತದಂತೆ. ಉರಿಯಿಲ್ಲ, ಬಿಸಿಯಿದೆ! ನನ್ನ ಎರಡನೆಯ ಸಾಲಿಗೆ ತಕ್ಕ ವಸ್ತು. ಇಮಾಮಬೀ ಅದನ್ನು ಹೊಸ ರೇಶಿಮೆ ಕುಪ್ಪಸದಂತೆ ಪೆಟ್ಟಿಗೆಯಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ತಂದಳು.

"ಬೀಳಸಬ್ಯಾಡ್ರಿ ಕಾಕಾ," ಎಂದಳು. "ನಾನ ಇನ್ನೂ ಒಮ್ಮೆನೂ ಹಚ್ಚಿಲ್ಲ."

ಸುಟ್ಟ ಕೊಳವೆ ಕತ್ತರಿಸಿ ತೆಗೆದು, ಹೆಣಿಗೆ ಬಿಚ್ಚಿ, ಎರಡನೆಯ ತುಂಡು ಪೋಣಿಸಿ, ಮತ್ತೆ ಹೆಣೆದೆ. ಈ ಸಲ ಮೊದಲೇ ಪೋಣಿಸಿದೆ ಎಂಬುದನ್ನು ಗಮನಿಸಬೇಕು. ಯಂತ್ರದ ಮೂತಿಯನ್ನು ಗಿರಣಿಯ ಬಾಗಿಲಿಗೆ ಹಿಡಿದೆ. ಅದರ ಮೈ ದಪ್ಪ, ಸಂದಿಯೊಳಗೆ ಹೋಗದು. ಇರಲಿ, ಗಾಳಿ ಹೋಗುತ್ತದಲ್ಲ ಎಂದು ಗುಂಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದೆ.

ಗಾಳಿ ಹೋಯಿತು. ಹೋದದ್ದು ಹಿಂಬದಿಯ ತಗಡಿಗೆ ಬಡಿದು ಅಷ್ಟೇ ವೇಗದಲ್ಲಿ ತಿರುಗಿ ಬಂತು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಗಿರಣಿಯ ಮೂಲೆಮೂಲೆಯಲ್ಲಿ ಒಂದು ವರ್ಷದಿಂದ ಅವಿತಿದ್ದ ಹಿಟ್ಟನ್ನೆಲ್ಲ ಹೊತ್ತು ತಂದು ಅಡುಗೆಮನೆಗೆ ಒಪ್ಪಿಸಿತು. ಕಿಟಕಿಯ ಬಿಸಿಲು ಬಿಳಿಯಾಯಿತು. ಇಮಾಮಬೀಯ ಕಪ್ಪು ದುಪ್ಪಟ್ಟಾ ಬಿಳಿಯಾಯಿತು. ಮದೀನಾಬೀ ಸೀನಿದರು, ಸೀನು ಮುಗಿಯುವುದರೊಳಗೆ ಇನ್ನೊಂದು ಸೀನಿದರು. ನನ್ನ ಬಲ ಮೀಸೆ ಒಮ್ಮೆಲೇ ಎಪ್ಪತ್ತು ವರ್ಷದ್ದಾಯಿತು.

ಒಳಗೆ ಬೆರಳು ಹಾಕಿ ಕೊಳವೆ ಮುಟ್ಟಿ ನೋಡಿದೆ. ಹಾಲು ಕುಡಿದು ಮಲಗಿದ ಕೂಸಿನ ಅಂಗಾಲಿನಷ್ಟು ಬೆಚ್ಚಗಿತ್ತು. ಒಂದು ಎಳೆಯಷ್ಟೂ ಕುಗ್ಗಿರಲಿಲ್ಲ. ಕಾಲುವೆಯಲ್ಲಿ ಕಂಡದ್ದೇ ಇಲ್ಲಿಯೂ: ತಲೆಗೇಟಿನಲ್ಲಿ ಎಷ್ಟೇ ಬಿಟ್ಟರೂ ದಾರಿಯಲ್ಲಿ ಹೀರಿ, ಸೋರಿ, ಕಾಲುವೆ ಮುಗಿಯುವ ಟೇಲೆಂಡಿಗೆ ತಲಪುವುದು ಇಷ್ಟೇ. ಇದನ್ನು ಅನ್ನಮ್ಮನಿಗೆ ವಿವರಿಸಿದೆ.

"ನಿಮ್ಮ ಟೇಲೆಂಡು ಹಾಳಾಗ್ಲಿ," ಎಂದಳು ಕಸಬರಿಗೆ ಹಿಡಿದು. "ಒಂದು ಕೆಲಸ ಆತು ನೋಡ್ರಿ. ಗಿರಣಿ ಒಳಗ ಹಸನಾತು, ಹೊರಗ ಹೊಲಸಾತು."

ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಗಡುವು ದಾಟಿತ್ತು. ಅನ್ನಮ್ಮ ಗುಡಿಸುತ್ತಲೇ ಬಾಯಲ್ಲಿ ಲೆಕ್ಕ ಹಾಕುತ್ತಿದ್ದುದು ಕೇಳಿಸಿತು: ಬೀಸಲು ಎರಡು ತಾಸು, ಮೂವರು ಕೂತು ತಟ್ಟಲು ಐದು ತಾಸು, ಆರಿಸಿ ಕಟ್ಟಲು ಒಂದು ತಾಸು. ಪ್ರತಿ ಸಲವೂ ಮೊದಲಿನಿಂದ ಎಣಿಸುತ್ತಿದ್ದಳು. ಪ್ರತಿ ಸಲವೂ ಧ್ವನಿ ಸಣ್ಣದಾಗುತ್ತಿತ್ತು. ಅವಳು ನನ್ನನ್ನು ಬೈಯುವುದನ್ನು ನಿಲ್ಲಿಸಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅದಕ್ಕಿಂತ ಕೆಟ್ಟ ಸೂಚನೆ ಇನ್ನೊಂದಿಲ್ಲ.

ಆಗ ನನಗೆ ದೇವರ ಗೂಡು ಕಾಣಿಸಿತು. ಊದಿನಕಡ್ಡಿ! ಉದ್ದನೆಯದು, ಕಿರಿದು, ಉರಿಯಿಲ್ಲ, ಕೆಂಡವಿದೆ. ಹಿಟ್ಟಿನ ಧೂಳೂ ಈಗ ಒಳಗಿಲ್ಲ. ಇದು ಮೊದಲೇ ಏಕೆ ಹೊಳೆಯಲಿಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ. ಅನ್ನಮ್ಮ ನಿಲ್ಲಿಸಿದ ಕೆಲಸವನ್ನು ಯಾರಾದರೂ ಮುಂದುವರಿಸಬೇಕಿತ್ತು. ಒಂದು ಕಡ್ಡಿಯ ಶಾಖ ಸಾಲದೆಂದು ಐದನ್ನು ಕೂಡಿಸಿ ದಾರ ಕಟ್ಟಿ ಹೊತ್ತಿಸಿ, ಉರಿ ಆರಿಸಿ, ಕೆಂಡ ಮಾಡಿಕೊಂಡು ಸಂದಿಗೆ ತೂರಿಸಿದೆ.

ಕೊಳವೆಯ ಒಂದು ಬದಿ ತುಸು ಕುಗ್ಗಿತು. ನಿಜವಾಗಿಯೂ ಕುಗ್ಗಿತು!

"ಅನ್ನಮ್ಮ! ಆಗಾಕತ್ತದ!"

ಮುಂದಿನ ಇಪ್ಪತ್ತು ನಿಮಿಷದಲ್ಲಿ ಐದು ಮುಗಿದು ಇನ್ನೈದು ಹೊತ್ತಿದವು. ಇನ್ನೊಂದು ಬದಿಗೆ ಕೆಂಡ ತಲಪಿಸಲು ಕೈ ತಿರುಚಿದೆ. ಸುಟ್ಟ ಅಂಗೈ ತಗಡಿಗೆ ತಾಗಿತು; ಕೆಂಡ ಕೊಳವೆಗೆ ಅಂಟಿತು. ತೆಗೆದು ನೋಡಿದರೆ ಜರಡಿಯಂತೆ ನಾಲ್ಕು ತೂತು. ತೂತಿನಲ್ಲಿ ತಾಮ್ರ ಹೊಳೆಯುತ್ತಿತ್ತು. ಎರಡನೆಯ ತುಂಡೂ ಹೋಯಿತು.

ಅಷ್ಟರಲ್ಲಿ ಅಡುಗೆಮನೆಯ ತುಂಬ ಮಲ್ಲಿಗೆ ಹೊಗೆ. ಅನ್ನಮ್ಮ ಮೂಗು ಅರಳಿಸಿದಳು. ಒಮ್ಮೆಲೇ ಜೋಳದ ಬುಟ್ಟಿಯ ಕಡೆ ಓಡಿ ಅದನ್ನು ಎತ್ತಿಕೊಂಡು ಹೊರಗೆ ಅಂಗಳಕ್ಕೆ ಒಯ್ದಳು. ತಿರುಗಿ ಬಂದು ನನ್ನ ಕೈಯಲ್ಲಿದ್ದ ಕಡ್ಡಿಗಳನ್ನು ಕಸಿದು ನೀರಿನ ಕೊಡದಲ್ಲಿ ಅದ್ದಿದಳು.

"ಜ್ವಾಳಕ್ಕ ವಾಸನಿ ಹಿಡೀತಂದ್ರ ಏನ್ ಮಾಡೂದ್ರಿ? ಹಾಸ್ಟೆಲ್ ಹುಡುಗ್ಯಾರು ರೊಟ್ಟಿ ಮುರದು ತಿನ್ನಬೇಕೋ, ಕೈ ಮುಗದು ನಿಂದರಬೇಕೋ?"

ಬೈಗುಳ ತಿರುಗಿ ಬಂದದ್ದು ನೋಡಿ ನನಗೆ ಸಮಾಧಾನವಾಯಿತು.

"ಇನ್ನೊಂದು ತುಂಡು ಅದ," ಎಂದೆ.

"ಇಲ್ಲಿ ಕೊಡ್ರಿ."

ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಲ್ಲಿ ಒತ್ತಿದಳು, ಉಗುರಿನಿಂದ ಕೆರೆದಳು.

"ಪ್ಲಾಸ್ಟಿಕ್ ಹೌದಲ್ಲ?"

"ಒಂದು ಬಗಿಯ ಪಾಲಿಮರು. ತೊಂಬತ್ತರಿಂದ ನೂರಾಇಪ್ಪತ್ತು ಡಿಗ್ರಿ..."

"ಪ್ಲಾಸ್ಟಿಕ್ ಹೌದೋ ಅಲ್ಲೋ ಅಷ್ಟ ಹೇಳ್ರಿ."

"ಹೌದು."

"ಮೂರು ವರ್ಷ ಆತು, ದಿನಾ ಹತ್ತು ಹದಿನೈದು ಪಾಕೀಟಿನ ಬಾಯಿ ಮೇಣಬತ್ತಿ ಮ್ಯಾಲ ಹಿಡದು ಮುಚ್ಚಾಕತ್ತೇನಿ. ಅದು ಯಾವಾಗ ಮೆತ್ತಗಾಗತದ, ಯಾವಾಗ ಸುಡತದ, ನನ್ನ ಕೇಳಬೇಕಂತ ನಿಮಗ ಅನಸಲಿಲ್ಲೇನ್ರಿ?"

ಅನಿಸಿರಲಿಲ್ಲ. ಅದನ್ನು ಹಾಗೆಯೇ ದಾಖಲಿಸಬೇಕಾಗಿದೆ.

ಅವಳು ಒಲೆ ಹಚ್ಚಿ, ರೊಟ್ಟಿ ತಿರುವುವ ಕಬ್ಬಿಣದ ಪಟ್ಟಿಯನ್ನು ತೆಗೆದುಕೊಂಡಳು. ಅದರ ಒಂದು ತುದಿ ಅಗಲ. ಹಿಡಿಕೆಯ ಕಡೆ ಉದ್ದ, ಕಿರುಬೆರಳಿನಷ್ಟು ತೆಳು. ಅಗಲದ ಕಡೆಯನ್ನು ಒದ್ದೆ ಅರಿವೆಯಿಂದ ಹಿಡಿದು, ಹಿಡಿಕೆಯನ್ನೇ ಉರಿಗೆ ಕೊಟ್ಟಳು. ಆಮೇಲೆ ನೇರವಾಗಿ ಗಿರಣಿಗೆ ಹೋಗಲಿಲ್ಲ. ನಾನು ಸುಟ್ಟು ಬಿಸಾಕಿದ್ದ ಮೊದಲ ತುಂಡಿನಿಂದ ಚೆನ್ನಾಗಿದ್ದ ಒಂದಿಷ್ಟನ್ನು ಕತ್ತರಿಸಿ, ಕಸಬರಿಗೆ ಕಡ್ಡಿಗೆ ಪೋಣಿಸಿ, ಕಾದ ಹಿಡಿಕೆಯನ್ನು ಅದರ ಹತ್ತಿರಕ್ಕೆ ತಂದಳು. ಮುಟ್ಟಿಸಲಿಲ್ಲ. ಜೋಳದ ಕಾಳಿನಷ್ಟು ಅಂತರ ಬಿಟ್ಟು, "ಒಂದ, ಎರಡ, ಮೂರ" ಎಂದು ಎಣಿಸುತ್ತ ಕಡ್ಡಿಯನ್ನು ತಿರುಗಿಸಿದಳು. ಐದಕ್ಕೆ ಕೊಳವೆ ಕಡ್ಡಿಯನ್ನು ಅಪ್ಪಿಕೊಂಡಿತು.

ಮೊದಲು ಹೊರಗೆ ಪರೀಕ್ಷಿಸಿ ನೋಡುವುದು! ನಾನು ಬರೆದ ಹದಿನಾಲ್ಕು ಅಂಶಗಳ ಕ್ರಮದಲ್ಲಿ ಇದೊಂದೇ ಇರಲಿಲ್ಲ.

"ಮುಟ್ಟಸಬಾರದ್ರಿ, ತೋರಸಬೇಕು," ಎಂದಳು. "ಕೂಸಿಗಿ ಬಡಿಗಿ ತೋರಸ್ತೇವಲ್ಲ, ಹಂಗ."

"ನಾನು ಒಳಗ ಹಿಡೀಲೇನು?"

"ನಿಮ್ಮ ಕೈ ದಪ್ಪ. ಬ್ಯಾಟರಿ ಹಿಡೀರಿ."

ವೈರು ಬಿಚ್ಚಿ, ಕೊನೆಯ ತುಂಡು ಪೋಣಿಸಿ, ಮತ್ತೆ ಹೆಣೆದದ್ದೂ ಅವಳೇ. ಅವಳ ಬಳೆಗಳನ್ನು ಮದೀನಾಬೀ ಹಿಡಿದುಕೊಂಡಿದ್ದರು. ನನಗೆ ಐವತ್ತು ನಿಮಿಷ ಹಿಡಿದ ಹೆಣಿಗೆ ಅವಳಿಗೆ ಎಷ್ಟು ಹಿಡಿಯಿತೆಂಬುದನ್ನು ನಾನು ಅಳೆಯಲಿಲ್ಲ. ಬೇಕೆಂದೇ ಅಳೆಯಲಿಲ್ಲ. ಇಮಾಮಬೀ ಒಲೆಯಿಂದ ಕಾದ ಪಟ್ಟಿ ತಂದು ಕೊಡುವುದು, ಅನ್ನಮ್ಮ ಒಳಗೆ ತೋರಿಸುವುದು, ತಣ್ಣಗಾದದ್ದನ್ನು ಮದೀನಾಬೀ ತಿರುಗಿ ಒಲೆಗೆ ಒಯ್ಯುವುದು. ಮೂರು ಸಲ. ನಾನು ಬ್ಯಾಟರಿ ಹಿಡಿದಿದ್ದೆ.

"ಎಡಕ್ಕ," ಎಂದಳು. ಎಡಕ್ಕೆ ಹಿಡಿದೆ. "ಕಣ್ಣಿಗಿ ಅಲ್ರಿ, ವೈರಿಗಿ." ವೈರಿಗೆ ಹಿಡಿದೆ.

ಮೂರನೆಯ ಸಲ ಕೊಳವೆಯ ಎರಡೂ ತುದಿ ಕೂತವು. ಅರಿವೆಯ ಗಂಟು ಬಿಚ್ಚಿ ಪ್ಲಗ್ಗು ಹಾಕಿ, ಅನ್ನಮ್ಮ ಗುಂಡಿಯ ಮೇಲೆ ಬೆರಳಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿದಳು. ಮೂವರು ಹೆಂಗಸರೂ ಉಸಿರು ಹಿಡಿದರು. ನನಗಂತೂ ಉಸಿರೇ ಇರಲಿಲ್ಲ.

ಗುಂಯ್ ಎಂದಿತು. ಹಿಟ್ಟು ಬಿತ್ತು. ಅವಳು ಚಿಟಿಕೆ ಹಿಟ್ಟು ಎತ್ತಿ ಮೊದಲು ಮೂಸಿದಳು, ಆಮೇಲೆ ಬೆರಳಲ್ಲಿ ತಿಕ್ಕಿದಳು, ಆಮೇಲೆ ನಕ್ಕಳು. ಆಗ ಒಂದೂ ಮೂವತ್ತೈದು.

ಮೂರೂವರೆಗೆ ಬೀಸಿ ಮುಗಿಯಿತು. ಮೂವರೂ ಎಂಟರವರೆಗೆ ತಟ್ಟಿದರು. ನಾನು ಎಣಿಸಿದೆ. ಮುನ್ನೂರ ನಾಲ್ಕು.

೧೧ ಫೆಬ್ರುವರಿ, ಸೋಮವಾರ. ಚಳಿ ನಿನ್ನೆಗಿಂತ ಕಡಿಮೆ, ಗಾಳಿ ಇಲ್ಲ. ಅನ್ನಮ್ಮ ಆರೂ ಕಾಲಿನ ಬಸ್ಸಿಗೆ ಎರಡು ಬುಟ್ಟಿ ಹೊತ್ತು ಯಾದಗಿರಿಗೆ ಹೋದಳು. ನಾನು ಕ್ಷೌರದಂಗಡಿಗೆ ಹೋಗಿ, ಉಳಿದ ಅರ್ಧ ಮೀಸೆ ತೆಗೆಸಿ ಕಚೇರಿಗೆ ಹೋದೆ. ಹುಬ್ಬಿನ ವಿಷಯದಲ್ಲಿ ಆ ಮಾರ್ಗ ಸರಿಯೆನಿಸಲಿಲ್ಲ.

ಬೋಳು ತುಟಿ ಕಂಡು ಜವಾನ ಅಂಬ್ರಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟ. ಹತ್ತಿರ ಬಂದು ನನ್ನ ಕೈ ಹಿಡಿದ.

"ಯಾವಾಗ ಆತ್ರಿ ಸಾಹೇಬ್ರ?" ಎಂದ ಮೆಲ್ಲಗೆ.

"ನಿನ್ನಿ, ಹನ್ನೊಂದೂ ಇಪ್ಪತ್ತಕ್ಕ."

"ಬಾಳ ತ್ರಾಸ ಪಟ್ರೇನ್ರಿ?"

"ಇಲ್ಲಪಾ. ಭುಗ್ ಅಂತು, ಆತು."

"ಪುಣ್ಯವಂತ್ರು," ಎಂದು ನಿಟ್ಟುಸಿರು ಬಿಟ್ಟ. ತಪ್ಪು ತಿಳಿವಳಿಕೆ ಸರಿಪಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಧಿಕಾರಿಗಳು ಕರೆಸಿ, ಇಂತಹ ಹೊತ್ತಿನಲ್ಲಿ ಕಚೇರಿಗೆ ಬರಬಾರದಿತ್ತೆಂದು ಹೇಳಿ, ಅರ್ಧ ದಿನದ ರಜೆ ಕೊಟ್ಟು ಕಳಿಸಿದರು. ಯಾರು ತೀರಿಕೊಂಡರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮನೆಗೆ ಬಂದರೆ ಅನ್ನಮ್ಮ ಅದೇ ತಾನೇ ಬಸ್ಸಿಳಿದು ಬಂದಿದ್ದಳು. ಬುಟ್ಟಿ ಖಾಲಿ. ರತ್ನಾಬಾಯಿ ಒಂದು ರೊಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ಮುರಿದರಂತೆ. 'ಕಟ್' ಎಂಬ ಶಬ್ದ ಕೇಳಿ, ತಿನ್ನುವುದಕ್ಕೆ ಮೊದಲೇ, "ವಾರಾ ವಾರಾ ತರ್ರಿ" ಎಂದರಂತೆ. ಇದನ್ನು ಹೇಳುವಾಗ ಅವಳು ಬುಟ್ಟಿಯನ್ನು ಕೆಳಗಿಡುವುದನ್ನೇ ಮರೆತಿದ್ದಳು.

ಸಂಜೆ ಐದಕ್ಕೆ, ಹೇಳಿದ ಮಾತಿನಂತೆ, ನಬಿಸಾಬ ಬಂದ. ಅಂಗಾತ ಮಲಗಿ ಗಿರಣಿಯೊಳಗೆ ಬಹಳ ಹೊತ್ತು ನೋಡಿದ.

"ಇದು ಯಾರ ಕೈ ಕೆಲಸರಿ?"

ನಾನು ಗಂಟಲು ಸರಿಪಡಿಸಿಕೊಂಡೆ. "ಕೆಲಸ ಮನ್ಯಾಗ ಆತು, ನಬಿಸಾಬ. ನಿನ್ನಿ ಮುಂಜಾನಿಯಿಂದ ಹತ್ತೀವಿ."

"ನಾನ ಮಾಡೀನಿ," ಎಂದಳು ಅನ್ನಮ್ಮ ಹಿಟ್ಟು ಸಾಣಿಸುತ್ತ.

"ಯವ್ವಾ, ಅಕ್ಕಾರ! ಟ್ಯೂಬ್ ಎಲ್ಲೂ ಕರಗಿಲ್ಲ, ಸುಕ್ಕಿಲ್ಲ. ಇಂಥಾ ಸಂದ್ಯಾಗ ನನಗೂ ಆಗಂಗಿಲ್ರಿ. ಮತ್ತ ಸಾಹೇಬ್ರು ಏನ್ ಮಾಡಿದ್ರು?"

"ಬ್ಯಾಟರಿ ಹಿಡದ್ರು. ಚೊಲೋ ಹಿಡೀತಾರ, ಹೇಳಿದ ಕಡಿ ಹಿಡೀತಾರ."

ನಬಿಸಾಬ ಎದ್ದು ಕೈ ಕೊಡವಿದ. "ಈ ಕೆಲಸಕ್ಕ ನಾ ಆಗಿದ್ರ ಇನ್ನೂರು ತೊಗೋತಿದ್ನಿ ನೋಡ್ರಿ."

ಅನ್ನಮ್ಮ ಸಾಣಿಗೆ ಕೆಳಗಿಟ್ಟಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರಸಿ, ಅಂಗೈಯನ್ನು ನನ್ನ ಮುಂದೆ ಚಾಚಿದಳು.

ಎರಡು ದಿನದ ಖರ್ಚು: ಕಡ್ಡಿಪೆಟ್ಟಿಗೆ, ಒಂದು ರೂಪಾಯಿ. ಊದಿನಕಡ್ಡಿ, ಹತ್ತು. ಸುಟ್ಟಗಾಯದ ಮುಲಾಮು, ಮೂವತ್ತೆರಡು. ಕ್ಷೌರ, ಇಪ್ಪತ್ತು. ಇಮಾಮಬೀಯ ದುಪ್ಪಟ್ಟಾ ಒಗೆಯಲು ಸಾಬೂನು, ಹದಿನಾಲ್ಕು. ಮಿಸ್ತ್ರಿಯ ಕೂಲಿ, ಇನ್ನೂರು, ಪಡೆದವರು ಅನ್ನಮ್ಮ. ಒಟ್ಟು ಇನ್ನೂರ ಎಪ್ಪತ್ತೇಳು ರೂಪಾಯಿ. ಬ್ಯಾಟರಿ ಹಿಡಿದವನಿಗೆ ಕೂಲಿ ಕೊಡುವ ವಾಡಿಕೆ ಇಲ್ಲವೆಂದು ಮಿಸ್ತ್ರಿಯವರು ತಿಳಿಸಿದ್ದಾರೆ.